ಬಿಸಿಲಿಗೆ ಸುಟ್ಟ ಭುಜಕ್ಕೆ ನಿಂಬೆರಸ ಹಚ್ಚಬಹುದೇ? ದಯವಿಟ್ಟು ಹಚ್ಚಬೇಡಿ

ನಿಮ್ಮ ಪ್ರಶ್ನೆಯನ್ನು ಓದುತ್ತಿದ್ದಂತೆ ನನ್ನ ಎಡತೋಳನ್ನು ಮುಟ್ಟಿ ನೋಡಿಕೊಂಡೆ. ಗೋಕರ್ಣದ ಕಡಲ ತೀರದಲ್ಲಿ ಒಂದು ಮಧ್ಯಾಹ್ನ ಕಳೆದು ಬಂದಿದ್ದೀರಿ, ಭುಜ ಮತ್ತು ಬೆನ್ನು ಕೆಂಪೇರಿ ಉರಿಯುತ್ತಿವೆ, ಇನ್ನು ಹತ್ತು ದಿನಕ್ಕೆ ನಿಮ್ಮ ನಿಶ್ಚಿತಾರ್ಥ. ನಾಳೆ ಬೆಳಿಗ್ಗೆ ನಿಂಬೆರಸಕ್ಕೆ ಸಕ್ಕರೆ ಸೇರಿಸಿ ಉಜ್ಜಿದರೆ ಕಪ್ಪು ಬೇಗ ಹೋಗುತ್ತದೆಯೇ, ಮುಂದಿನ ಸಲ ಎಸ್‌ಪಿಎಫ್ (ಬಿಸಿಲಿಗೆ ಸುಡದಂತೆ ಸಿಗುವ ರಕ್ಷಣೆಯ ಅಂಕಿ) 100ರ ಸನ್‌ಸ್ಕ್ರೀನ್ ಕೊಂಡರೆ ಸಾಕೇ ಎಂದು ಕೇಳಿದ್ದೀರಿ. ಬೇರೇನನ್ನು ಮಾಡಿದರೂ ಬಿಟ್ಟರೂ ನಿಂಬೆರಸವನ್ನು ಮಾತ್ರ ಹಚ್ಚಬೇಡಿ. ಏಕೆಂದು ಹೇಳಲು ನನ್ನದೇ ಕಥೆಯನ್ನು ಹೇಳಬೇಕಾಗುತ್ತದೆ.

2016ರ ಫೆಬ್ರವರಿಯಲ್ಲಿ ನಾವು ಐವರು ಗೆಳತಿಯರು ಮುರುಡೇಶ್ವರಕ್ಕೆ ಹೋಗಿದ್ದೆವು. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪದ ಬಳಿಗೆ ಹೋಗಿ, ನೀರಿನ ಮೇಲೆ ಮುಖ ಕೆಳಗಾಗಿ ತೇಲುತ್ತ ಹವಳದ ಬಂಡೆಗಳನ್ನೂ ಮೀನುಗಳನ್ನೂ ನೋಡುವುದು ನಮ್ಮ ಉದ್ದೇಶವಾಗಿತ್ತು. ನಾನು ದಾವಣಗೆರೆಯಲ್ಲಿ ಬೆಳೆದವಳು. ಏಪ್ರಿಲ್ ತಿಂಗಳ ಬಯಲುಸೀಮೆಯ ಬಿಸಿಲಿನಲ್ಲಿ ಶಾಲೆಗೆ ನಡೆದು ಹೋದವಳಿಗೆ, ಅದರಲ್ಲೂ ನನ್ನಂಥ ಎಣ್ಣೆಗೆಂಪು ಮೈಬಣ್ಣದವಳಿಗೆ, ಫೆಬ್ರವರಿಯ ಕಡಲಗಾಳಿಯಲ್ಲಿ ಚರ್ಮ ಸುಟ್ಟೀತು ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಬೆಳಿಗ್ಗೆ ಏಳೂವರೆಗೆ ವಸತಿಗೃಹದಲ್ಲಿ ಎಸ್‌ಪಿಎಫ್ 50ರ ಸನ್‌ಸ್ಕ್ರೀನನ್ನು ಮುಖಕ್ಕೂ ತೋಳಿಗೂ ಒಮ್ಮೆ ತೆಳುವಾಗಿ ಸವರಿಕೊಂಡೆ; ಆ ದಿನ ಮತ್ತೆ ಆ ಟ್ಯೂಬನ್ನು ಮುಟ್ಟಲಿಲ್ಲ. ತೋಳಿಲ್ಲದ ಉಡುಪಿನ ಮೇಲೆ ಲೈಫ್ ಜಾಕೆಟ್ ಕಟ್ಟಿಕೊಂಡು ಹತ್ತರಿಂದ ಒಂದು ಗಂಟೆಯವರೆಗೆ ನೀರಿನಲ್ಲಿಯೂ ದೋಣಿಯ ಅಂಚಿನಲ್ಲಿಯೂ ಇದ್ದೆ. ದೋಣಿ ನಡೆಸುತ್ತಿದ್ದ ಇಬ್ಬರೂ ಮಣಿಕಟ್ಟಿನವರೆಗಿನ ತುಂಬುತೋಳಿನ ಅಂಗಿ ತೊಟ್ಟು, ತಲೆಗೂ ಕತ್ತಿಗೂ ಟವೆಲ್ ಸುತ್ತಿಕೊಂಡಿದ್ದರು. ಅದನ್ನು ನಾನು ನೋಡಿದ್ದೆ, ಆದರೆ ದುಡಿಮೆಯ ಉಡುಪು ಅಷ್ಟೇ ಎಂದುಕೊಂಡಿದ್ದೆ.

ನೀರಿನಲ್ಲಿ ಇರುವಷ್ಟು ಹೊತ್ತೂ ನನಗೆ ಏನೂ ಅನ್ನಿಸಲಿಲ್ಲ. ಚರ್ಮವನ್ನು ಸುಡುವುದು ಬಿಸಿಲಿನ ಶಾಖವಲ್ಲ, ಕಣ್ಣಿಗೆ ಕಾಣದ ಮತ್ತು ಮೈಗೆ ಬೆಚ್ಚಗೂ ಅನ್ನಿಸದ ನೇರಳಾತೀತ ಕಿರಣ, ಅದರಲ್ಲೂ ಮುಖ್ಯವಾಗಿ ಅದರ ಯುವಿ-ಬಿ ಎಂಬ ಬಗೆ. ಗಾಳಿಯೂ ನೀರೂ ಮೈಯನ್ನು ತಂಪಾಗಿಡುತ್ತವೆ, ಕಿರಣವನ್ನು ತಡೆಯುವುದಿಲ್ಲ. ಅರ್ಧ ಮೀಟರ್ ಆಳದ ನೀರಿನಲ್ಲಿಯೂ ಮೇಲ್ಮೈಯ ಸುಮಾರು ಶೇ. 40ರಷ್ಟು ನೇರಳಾತೀತ ಕಿರಣ ಉಳಿದಿರುತ್ತದೆ. ಮೇಲಾಗಿ ಸುಟ್ಟದ್ದು ಸುಟ್ಟ ಕ್ಷಣದಲ್ಲಿ ಗೊತ್ತಾಗುವುದಿಲ್ಲ. ಮೂರರಿಂದ ಆರು ಗಂಟೆಗಳ ನಂತರ ಕೆಂಪೇರತೊಡಗಿ, ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆಗಳ ಹೊತ್ತಿಗೆ ಉರಿ ಅತಿ ಹೆಚ್ಚಾಗುತ್ತದೆ. ನನಗೆ ಸಂಜೆ ಐದರ ಹೊತ್ತಿಗೆ ಕತ್ತಿನ ಹಿಂಭಾಗ ಬಿಗಿಯತೊಡಗಿತು. ರಾತ್ರಿ ಭುಜಕ್ಕೆ ಹೊದಿಕೆ ತಾಗಿದರೂ ಚೀರುವಂತಾಗಿತ್ತು. ನಮ್ಮಂಥ ಮೈಬಣ್ಣದಲ್ಲಿ ಇದು ಟೊಮೆಟೊ ಕೆಂಪಾಗಿ ಕಾಣುವುದಿಲ್ಲ, ತಾಮ್ರದ ಛಾಯೆಯ ಕಪ್ಪಾಗಿ ಕಾಣುತ್ತದೆ. ಆದ್ದರಿಂದಲೇ ನಾವು ಅದನ್ನು ಸುಟ್ಟದ್ದು ಎಂದು ಕರೆಯದೆ ‘ಟ್ಯಾನ್ ಆಗಿದೆ’ ಎನ್ನುತ್ತೇವೆ, ಮತ್ತು ಹಾಗೆ ಕರೆದ ಕೂಡಲೇ ಅದನ್ನು ಉಜ್ಜಿ ತೆಗೆಯಲು ಹೊರಡುತ್ತೇವೆ.

ನಾನು ಮಾಡಿದ್ದೂ ಅದನ್ನೇ. ಮುಂದಿನ ಭಾನುವಾರ ಚಿಕ್ಕಪ್ಪನ ಮಗಳ ಮದುವೆಯಿತ್ತು. ಫೋನಿನಲ್ಲಿ ನನ್ನ ಚಿತ್ರ ನೋಡಿದ ಮನೆಯವರು ‘ಇಷ್ಟು ಕಪ್ಪಾಗಿದ್ದೀಯಲ್ಲ’ ಎಂದು ಒಬ್ಬರಾದ ಮೇಲೊಬ್ಬರು ಹೇಳಿದರು. ಉರಿಯುತ್ತಿದೆಯೇ ಎಂದು ಯಾರೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಹೋಟೆಲಿನ ಅಡುಗೆಮನೆಯಿಂದ ನಾಲ್ಕು ನಿಂಬೆಹಣ್ಣು ತರಿಸಿ, ಹೋಳು ಮಾಡಿ, ಹೋಳಿನ ಮೇಲೆ ಸಕ್ಕರೆ ಉದುರಿಸಿ, ಕತ್ತು, ಭುಜ, ಎರಡೂ ತೋಳುಗಳ ಮೇಲೆ ಹಿಂಡುತ್ತ ಉಜ್ಜಿದೆ. ಕಣ್ಣಿನಲ್ಲಿ ನೀರು ಬಂತು. ಉರಿದರೆ ಔಷಧಿ ಕೆಲಸ ಮಾಡುತ್ತಿದೆ ಎಂಬ ಹಳೆಯ ನಂಬಿಕೆಯಿಂದ ತಡೆದುಕೊಂಡೆ. ಒಣಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದೆನೇ ಹೊರತು ಸೋಪು ಹಾಕಿ ತೊಳೆಯಲಿಲ್ಲ. ಹನ್ನೊಂದೂವರೆಗೆ ಬಸ್ಸು ಹತ್ತಿ ಎಡಗಡೆಯ ಕಿಟಕಿಯ ಪಕ್ಕದಲ್ಲಿ ಕುಳಿತೆ. ಹೊನ್ನಾವರ, ಕುಮಟಾ, ಅಂಕೋಲಾದವರೆಗೆ ರಸ್ತೆ ಉತ್ತರಕ್ಕೆ ಸಾಗುತ್ತದೆ. ಮಧ್ಯಾಹ್ನ ಕಳೆದಂತೆ ಸೂರ್ಯ ಪಶ್ಚಿಮಕ್ಕೆ, ಎಂದರೆ ಎಡಕ್ಕೆ ಇಳಿಯುತ್ತಾನೆ. ತೆರೆದ ಕಿಟಕಿಯಲ್ಲಿ ಮೊಣಕೈ ಇಟ್ಟು ನಿದ್ದೆ ಹೋದೆ.

ಸೋಮವಾರ ಸಂಜೆ ಎಡತೋಳಿನಲ್ಲಿ ಹೊಸ ರೀತಿಯ ಉರಿ ಶುರುವಾಯಿತು. ಮಂಗಳವಾರ ರಾತ್ರಿಯ ಹೊತ್ತಿಗೆ ನೀರು ತುಂಬಿದ ಗುಳ್ಳೆಗಳು ಎದ್ದವು, ಕೆಲವು ಹೆಬ್ಬೆರಳಿನ ಗಾತ್ರದವು. ಅವು ಎಲ್ಲೆಂದರಲ್ಲಿ ಏಳಲಿಲ್ಲ. ಭುಜದಿಂದ ಮೊಣಕೈಯತ್ತ ಹರಿದ ಗೆರೆಗಳಂತೆ, ನೀರು ಇಳಿದ ಜಾಡಿನಂತೆ ಎದ್ದವು. ಗುರುವಾರ ಚರ್ಮರೋಗ ತಜ್ಞೆಯ ಬಳಿಗೆ ಹೋದಾಗ ಅವರು ನನ್ನ ಎರಡೂ ತೋಳುಗಳನ್ನು ಪಕ್ಕಪಕ್ಕದಲ್ಲಿ ಇಡಿಸಿ ನೋಡಿದರು. ಬಲತೋಳಿನಲ್ಲಿ ಮಾಮೂಲಿನ ಬಿಸಿಲಿನ ಸುಡು, ಆಗಲೇ ಸಿಪ್ಪೆ ಏಳುತ್ತಿತ್ತು. ಎಡತೋಳಿನಲ್ಲಿ ಗುಳ್ಳೆಯ ಗೆರೆಗಳು. ‘ಬಿಸಿಲು ಹನಿಹನಿಯಾಗಿ ಇಳಿಯುವುದಿಲ್ಲ, ಏನು ಹಚ್ಚಿದ್ದಿರಿ?’ ಎಂಬುದು ಅವರ ಮೊದಲ ಪ್ರಶ್ನೆ.

ಅವರು ವಿವರಿಸಿದ್ದನ್ನು ನಾನು ಅಂದಿನಿಂದ ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದಿದ್ದೇನೆ. ನಿಂಬೆಯಲ್ಲಿ, ರಸಕ್ಕಿಂತ ಬಹಳ ಹೆಚ್ಚಾಗಿ ಸಿಪ್ಪೆಯಲ್ಲಿ, ಫ್ಯೂರಾನೊಕೌಮರಿನ್ ಎಂಬ ಗುಂಪಿನ ರಾಸಾಯನಿಕಗಳಿವೆ. ಕತ್ತಲಲ್ಲಿ ಅವು ಚರ್ಮಕ್ಕೆ ಇಂಥ ಗಾಯ ಮಾಡುವುದಿಲ್ಲ. ಅವು ಚರ್ಮದೊಳಗೆ ಇಳಿದಿರುವಾಗ ಬಿಸಿಲಿನ ಯುವಿ-ಎ, ಎಂದರೆ ನೇರಳಾತೀತದ ಇನ್ನೊಂದು ಬಗೆಯ ಕಿರಣ ಬಿದ್ದರೆ ಮಾತ್ರ ಎಚ್ಚರಗೊಂಡು ಜೀವಕೋಶಗಳ ಡಿಎನ್‌ಎಗೆ ಅಂಟಿಕೊಂಡು ಅವನ್ನು ಕೊಲ್ಲುತ್ತವೆ. ಹಚ್ಚಿದ ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಚರ್ಮ ಇದಕ್ಕೆ ಅತಿ ಹೆಚ್ಚು ಈಡಾಗಿರುತ್ತದೆ. ನಾನು ಸರಿಯಾಗಿ ಆ ಹೊತ್ತಿನಲ್ಲಿಯೇ ಕಿಟಕಿಯ ಪಕ್ಕದಲ್ಲಿದ್ದೆ. ಇದು ಅಲರ್ಜಿಯಲ್ಲ, ಆದ್ದರಿಂದ ‘ನನಗೆ ನಿಂಬೆ ಒಗ್ಗುತ್ತದೆ’ ಎಂಬ ಮಾತಿಗೆ ಇಲ್ಲಿ ಅರ್ಥವಿಲ್ಲ. ರಸ ಮತ್ತು ಬಿಸಿಲು ಎರಡೂ ಸಾಕಷ್ಟು ಸಿಕ್ಕರೆ ಯಾರಿಗಾದರೂ ಆಗುತ್ತದೆ. ಈ ಗುಂಪಿನ ಸೋರಲೆನ್‌ಗೆ ಹೆಸರು ಬಂದದ್ದು ನಮ್ಮ ಆಯುರ್ವೇದದ ಬಾಕುಚಿ ಗಿಡದ ಸಸ್ಯಶಾಸ್ತ್ರೀಯ ಹೆಸರಿನಿಂದ. ತೊನ್ನಿನ ಬಿಳಿಮಚ್ಚೆಗೆ ಬಾಕುಚಿ ಹಚ್ಚಿ ಬಿಸಿಲಿಗೆ ಹಿಡಿಯುವ ಪದ್ಧತಿ ಬಹು ಹಿಂದಿನದು. ಇಂದಿಗೂ ಆಸ್ಪತ್ರೆಗಳಲ್ಲಿ ಸೋರಲೆನ್ ಕೊಟ್ಟು ಯುವಿ-ಎ ಬೆಳಕನ್ನು ಅಳೆದು ಬಿಡುವ ಚಿಕಿತ್ಸೆಯಿದೆ. ಅದರ ಗುರಿಯೇ ಚರ್ಮಕ್ಕೆ ಬಣ್ಣ ಬರಿಸುವುದು. ನಾನು ಬಣ್ಣ ತೆಗೆಯಲೆಂದು ಹೊರಟು, ಬಣ್ಣ ಬರಿಸುವ ಚಿಕಿತ್ಸೆಯ ವಸ್ತುವನ್ನೇ ಅಳತೆಯಿಲ್ಲದೆ ಸುಟ್ಟ ಚರ್ಮಕ್ಕೆ ಉಜ್ಜಿಕೊಂಡಿದ್ದೆ. ಎಡತೋಳಿನ ಕಂದುಗೆರೆಗಳು ದೀಪಾವಳಿಯ ಹೊತ್ತಿಗೂ ಪೂರ್ತಿ ಅಳಿದಿರಲಿಲ್ಲ. ಏನನ್ನೂ ಹಚ್ಚದ ಕಾಲಿನ ಮೀನಖಂಡಗಳೂ ಅದೇ ದಿನ, ಅದೇ ಬಿಸಿಲಿಗೆ ಸುಟ್ಟಿದ್ದವು. ಅವು ವಾರದಲ್ಲಿ ಸಿಪ್ಪೆ ಬಿಟ್ಟು, ಎರಡು ತಿಂಗಳಲ್ಲಿ ಮೊದಲಿನ ಬಣ್ಣಕ್ಕೆ ಬಂದವು.

ಆದ್ದರಿಂದ ‘ಕಪ್ಪನ್ನು ಬೇಗ ತೆಗೆಯುವುದು ಹೇಗೆ’ ಎಂಬ ನಿಮ್ಮ ಪ್ರಶ್ನೆಗೆ ನಾನು ಉತ್ತರಿಸುವುದಿಲ್ಲ, ಏಕೆಂದರೆ ಆ ಪ್ರಶ್ನೆಯೇ ಸರಿಯಿಲ್ಲ. ಆ ಕಪ್ಪು ಮೇಲೆ ಕುಳಿತ ಕೊಳೆಯಲ್ಲ. ಪೆಟ್ಟು ತಿಂದ ಚರ್ಮ ಒಳಗಿನ ಕೋಶಗಳನ್ನು ಉಳಿಸಿಕೊಳ್ಳಲು ತಾನೇ ತಯಾರಿಸಿಕೊಂಡ ಮೆಲನಿನ್ ಎಂಬ ಬಣ್ಣದ ವಸ್ತು ಅದು. ಚರ್ಮದ ಮೇಲ್ಪದರ ಹೊಸದಾಗುತ್ತ ಬಂದಂತೆ ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ಹತ್ತು ದಿನಕ್ಕೆ ಹೋಗುವುದಿಲ್ಲ. ಕಡಲೆಹಿಟ್ಟು, ಸ್ಕ್ರಬ್, ಬ್ಲೀಚ್ ಯಾವುದೂ ಈಗ ಬೇಡ. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವ ‘ಬೆಳ್ಳಗಾಗುವ’ ಕ್ರೀಮುಗಳು ಖಂಡಿತ ಬೇಡ, ಅವುಗಳಲ್ಲಿ ಎಷ್ಟೋ ಸಲ ಬಲವಾದ ಸ್ಟೀರಾಯ್ಡ್ ಬೆರೆತಿರುತ್ತದೆ. ನಿಶ್ಚಿತಾರ್ಥಕ್ಕೆ ಬರುವವರು ನಿಮ್ಮನ್ನು ನಾಲ್ಕು ಛಾಯೆ ಗಾಢವಾಗಿಯೇ ನೋಡಲಿ. ಈ ಮಾತನ್ನು ನನಗೆ ಆಗ ಯಾರಾದರೂ ಹೇಳಬೇಕಿತ್ತು.

ಈಗ ಉರಿಗೆ ಮಾಡಬೇಕಾದದ್ದು ಬಹಳ ಸರಳ. ತಣ್ಣೀರಿನಲ್ಲಿ ಅದ್ದಿದ ಹತ್ತಿಬಟ್ಟೆಯನ್ನು ದಿನಕ್ಕೆ ಹಲವು ಸಲ ಹತ್ತು ಹದಿನೈದು ನಿಮಿಷ ಹಾಕಿ. ಐಸನ್ನು ನೇರವಾಗಿ ಇಡಬೇಡಿ, ಸುಟ್ಟ ಚರ್ಮಕ್ಕೆ ಅದು ಇನ್ನೊಂದು ಗಾಯ. ಮೈ ಒದ್ದೆಯಿರುವಾಗಲೇ ಸುವಾಸನೆಯಿಲ್ಲದ ಮಾಯಿಶ್ಚರೈಸರನ್ನಾಗಲಿ ಲೋಳೆಸರದ ಜೆಲ್ಲನ್ನಾಗಲಿ ಹಚ್ಚಿ; ಕ್ಯಾಲಮೈನ್ ಲೋಶನ್ ಕೂಡ ಆಗುತ್ತದೆ. ಬೆಣ್ಣೆ, ತುಪ್ಪ, ಕೊಬ್ಬರಿ ಎಣ್ಣೆ, ಪೆಟ್ರೋಲಿಯಂ ಜೆಲ್ಲಿಗಳನ್ನು ಬಿಸಿ ಆರುವ ಮೊದಲು ಬಳಿದರೆ ಶಾಖ ಒಳಗೇ ಉಳಿಯುತ್ತದೆ. ಮೊಸರು ತಂಪು ಅನ್ನಿಸಿದರೂ ಒಡೆದ ಚರ್ಮದ ಮೇಲೆ ಅಡುಗೆಮನೆಯ ಯಾವ ಪದಾರ್ಥವೂ ಬೇಡ ಎಂದು ನನ್ನ ವೈದ್ಯೆ ಹೇಳಿದ್ದರು, ನಾನು ಅದನ್ನು ಒಪ್ಪುತ್ತೇನೆ. ನೋವು ತಡೆಯದಿದ್ದರೆ ಪ್ಯಾರಾಸಿಟಮಾಲ್, ಅಥವಾ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆಗಳಿಲ್ಲದಿದ್ದರೆ ಊಟದ ನಂತರ ಐಬುಪ್ರೊಫೆನ್ ತೆಗೆದುಕೊಳ್ಳಬಹುದು. ನೀರು, ಮಜ್ಜಿಗೆ, ಎಳನೀರು ಹೆಚ್ಚಾಗಿ ಕುಡಿಯಿರಿ. ಗುಳ್ಳೆ ಎದ್ದರೆ ಒಡೆಯಬೇಡಿ, ಸಿಪ್ಪೆ ಎದ್ದರೆ ಕೀಳಬೇಡಿ. ದೊಡ್ಡ ಗುಳ್ಳೆಗಳು ಬಹಳ ಜಾಗಕ್ಕೆ ಹರಡಿದರೆ, ಜ್ವರ, ಚಳಿ, ವಾಂತಿ, ತಲೆಸುತ್ತು ಕಾಣಿಸಿಕೊಂಡರೆ, ಕೀವು ತುಂಬಿದರೆ ಅದೇ ದಿನ ವೈದ್ಯರ ಬಳಿಗೆ ಹೋಗಿ. ಮೊಡವೆಗೆಂದು ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಅವರಿಗೆ ಹೇಳಿ. ಚರ್ಮ ಬೇಗ ಸುಡುವಂತೆ ಮಾಡುವ ಔಷಧಿಗಳಲ್ಲಿ ಅದೂ ಒಂದು.

ಮುಂದಿನ ಸಲದ ವಿಷಯಕ್ಕೆ ಬಂದರೆ, 100ರ ಹಿಂದೆ ಬೀಳಬೇಡಿ. ಎಸ್‌ಪಿಎಫ್ 30 ಯುವಿ-ಬಿಯನ್ನು ಸುಮಾರು ಶೇ. 97ರಷ್ಟೂ 50 ಸುಮಾರು ಶೇ. 98ರಷ್ಟೂ ತಡೆಯುತ್ತದೆ, ಅದರಾಚೆ ಉಳಿಯುವ ವ್ಯತ್ಯಾಸ ಅತ್ಯಲ್ಪ. ಈ ಅಂಕಿಗಳು ನಿಜವಾಗುವುದು ಪ್ರಯೋಗಾಲಯದಲ್ಲಿ ಹಚ್ಚುವಷ್ಟು ದಪ್ಪವಾಗಿ ಹಚ್ಚಿದಾಗ. ಮೈಪೂರ್ತಿ ಹಚ್ಚಲು ಸುಮಾರು 30 ಮಿಲಿಲೀಟರ್ ಬೇಕು, ಎಂದರೆ 50 ಮಿಲಿಲೀಟರಿನ ಟ್ಯೂಬು ಎರಡು ಸಲಕ್ಕೂ ಸಾಲುವುದಿಲ್ಲ. ಎರಡು ಗಂಟೆಗೊಮ್ಮೆ, ಮತ್ತು ನೀರಿನಿಂದ ಎದ್ದು ಮೈ ಒರೆಸಿಕೊಂಡಾಗಲೆಲ್ಲ ಮತ್ತೆ ಹಚ್ಚಬೇಕು. ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಯುವಿ-ಬಿಯ ಲೆಕ್ಕವನ್ನು. ಯುವಿ-ಎಗೆ ಟ್ಯೂಬಿನ ಮೇಲೆ ಪಿಎ ಎಂಬುದರ ಮುಂದೆ ಎಷ್ಟು ಪ್ಲಸ್ ಇವೆ ಎಂದು ನೋಡಿ, ಹೆಚ್ಚಿದ್ದಷ್ಟೂ ಒಳ್ಳೆಯದು.

ಆದರೆ ನಾನು ಸನ್‌ಸ್ಕ್ರೀನಿಗಿಂತ ಬಟ್ಟೆಯನ್ನು ಹೆಚ್ಚು ನಂಬುತ್ತೇನೆ. ಬಟ್ಟೆಯನ್ನು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕಾಗಿಲ್ಲ. ನೇತ್ರಾಣಿಗೆ ಆಮೇಲೆ ಎರಡು ಸಲ ಹೋಗಿದ್ದೇನೆ, ದೋಣಿಯವರಂತೆಯೇ ಮಣಿಕಟ್ಟಿನವರೆಗೆ ತೋಳಿರುವ ಗಾಢಬಣ್ಣದ ಈಜುಡುಗೆ ತೊಟ್ಟು, ಕತ್ತಿಗೆ ಟವೆಲ್ ಸುತ್ತಿಕೊಂಡು. ಹೊತ್ತನ್ನು ಗಡಿಯಾರದಿಂದ ಅಳೆಯುವುದನ್ನೂ ಬಿಟ್ಟಿದ್ದೇನೆ. ನಮ್ಮ ಕರಾವಳಿಯಲ್ಲಿ ಸೂರ್ಯ ಅತಿ ಎತ್ತರಕ್ಕೆ ಏರುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಆಸುಪಾಸಿನಲ್ಲಿ, ಫೆಬ್ರವರಿಯಲ್ಲಿ ಹನ್ನೆರಡೂಮುಕ್ಕಾಲಿನ ಹತ್ತಿರ. ಹಾಗಾಗಿ ‘ಮಧ್ಯಾಹ್ನ ಆಯಿತಲ್ಲ, ಇನ್ನು ಇಳಿಬಿಸಿಲು’ ಎಂದು ಒಂದೂವರೆಗೆ ನೀರಿಗೆ ಇಳಿಯುವವರು ಕಡುಬಿಸಿಲಿಗೇ ಇಳಿಯುತ್ತಾರೆ. ನಿಮ್ಮ ನೆರಳನ್ನು ನೋಡಿಕೊಳ್ಳಿ: ಅದು ನಿಮಗಿಂತ ಗಿಡ್ಡವಾಗಿದ್ದರೆ ಮೈ ಮುಚ್ಚಿಕೊಳ್ಳಬೇಕು ಅಥವಾ ನೆರಳಿಗೆ ಸರಿಯಬೇಕು. ಏಪ್ರಿಲ್ ಕೊನೆಯ ದಿನಗಳಲ್ಲಿ ಗೋಕರ್ಣದ ಅಕ್ಷಾಂಶದಲ್ಲಿ ಸೂರ್ಯ ನೇರ ನೆತ್ತಿಯ ಮೇಲೆಯೇ ಬಂದು ನೆಟ್ಟಗೆ ನಿಂತ ಕಂಬಕ್ಕೂ ನೆರಳಿರುವುದಿಲ್ಲ. ಆ ದಿನಗಳ ನಡುಹಗಲಿನಲ್ಲಿ ಯುವಿ ಸೂಚ್ಯಂಕ, ಎಂದರೆ ನೇರಳಾತೀತ ಕಿರಣದ ತೀವ್ರತೆಯ ಅಳತೆ, 11 ದಾಟುವುದು ಸಾಮಾನ್ಯ, ಮೈ ಕಾಪಾಡಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 3ರಿಂದಲೇ.

ಇದನ್ನು ಓದುವ ಹೊತ್ತಿಗೆ ನೀವು ನಿಂಬೆ ಹಚ್ಚಿಯೇ ಬಿಟ್ಟಿದ್ದರೆ, ಒರೆಸಿ ಸುಮ್ಮನಾಗಬೇಡಿ. ಸೋಪು ಮತ್ತು ಧಾರಾಳ ನೀರಿನಿಂದ ಮೃದುವಾಗಿ ತೊಳೆಯಿರಿ. ಕೈಬೆರಳುಗಳನ್ನೂ ಉಗುರಿನ ಸಂದುಗಳನ್ನೂ ತೊಳೆಯಿರಿ, ಇಲ್ಲದಿದ್ದರೆ ನೀವು ಮುಟ್ಟಿದ ಕಡೆಗೂ ಅದು ಹೋಗುತ್ತದೆ. ಎರಡು ಮೂರು ದಿನ ಆ ಜಾಗಕ್ಕೆ ಬಿಸಿಲು ಸೋಕಿಸಬೇಡಿ. ಊರಿಗೆ ಹೊರಡಬೇಕಾಗಿದ್ದರೆ ರಾತ್ರಿಯ ಬಸ್ಸಿಗೆ ಹೊರಡಿ, ಹಗಲಿನ ಪ್ರಯಾಣ ತಪ್ಪದಿದ್ದರೆ ದಪ್ಪನೆಯ ತುಂಬುತೋಳು ತೊಟ್ಟು ಬಿಸಿಲು ಬೀಳದ ಬದಿಯಲ್ಲಿ ಕುಳಿತುಕೊಳ್ಳಿ. ಕಿಟಕಿಯ ಗಾಜು ಮುಚ್ಚಿದೆ ಎಂದು ಧೈರ್ಯಪಡಬೇಡಿ, ಸಾಮಾನ್ಯ ಗಾಜು ಯುವಿ-ಬಿಯನ್ನು ತಡೆದರೂ ಯುವಿ-ಎಯ ಬಹುಪಾಲನ್ನು ಒಳಗೆ ಬಿಡುತ್ತದೆ.