ಸೂಫಿ ಪದ್ಯಗಳಲ್ಲಿ ದೇವರನ್ನ ಪ್ರೇಯಸಿ ಥರ ಯಾಕೆ ಕರೀತಾರೆ?

ಮದಿರೆ, ಪ್ರೇಯಸಿ ಅಂತೆಲ್ಲ ಬಂದ್ರೆ ಅದು ಭಕ್ತಿ ಹೆಂಗಾಗುತ್ತೆ ಅಂತ ಕೇಳಿದೀರಿ. ನಮ್ ಶಿಕಾರಿಪುರದ ಕಡೆ ಉಡುತಡಿಯ ಅಕ್ಕಮಹಾದೇವಿನ ಓದಿದೋರಿಗೆ ಇದು ಹೊಸದೇನಲ್ಲ ಮಾರಾಯ್ರೆ, 12ನೇ ಶತಮಾನದಲ್ಲೇ ಅಕ್ಕ ಚೆನ್ನಮಲ್ಲಿಕಾರ್ಜುನನೇ ನನ್ನ ಗಂಡ ಅಂದ್ಬಿಟ್ಟಿದ್ಲು.

ಸೂಫಿಗಳು ಅಂದ್ರೆ ಇಸ್ಲಾಂನ ಅನುಭಾವಿಗಳು, ಅವರಲ್ಲಿ ಈ ಪ್ರೇಮದ ದಾರಿಗೆ ಮೊದಲು ಹೇಳೋ ಹೆಸರು 8ನೇ ಶತಮಾನದ ಬಸ್ರಾದ ರಾಬಿಯಾ. ನರಕದ ಹೆದರಿಕೆಗೂ ಅಲ್ಲ ಸ್ವರ್ಗದ ಆಸೆಗೂ ಅಲ್ಲ, ಬರೀ ನಿನಗೋಸ್ಕರ ನಿನ್ನ ಪ್ರೀತಿಸ್ತೀನಿ ಅನ್ನೋದು ಅವಳ ಹೆಸರಲ್ಲಿ ಬಂದಿರೋ ಪ್ರಾರ್ಥನೆಯ ತಿರುಳು, ಹಿಂಗೆ ಲೆಕ್ಕಾಚಾರನೇ ಇಲ್ಲದ ಸಂಬಂಧ ಹೇಳೋಕೆ ಪ್ರೇಮದ ಭಾಷೆ ಬಿಟ್ರೆ ಇನ್ನೇನಿದೆ ಹೇಳಿ. ಮದಿರೆ ಅಂದ್ರೆ ‘ನಾನು’ ಅನ್ನೋದು ಕರಗಿಹೋಗೋ ಅಮಲು, ಆ ಕರಗೋದನ್ನೇ ಫನಾ ಅಂತಾರೆ (ಪರ್ಶಿಯನ್ ಕವಿ ಹಾಫಿಜ್ ಪದ್ಯದ ಮದ್ಯ ಮಾತ್ರ ನಿಜವಾದ್ದೋ ಏನೋ ಅಂತ ಪಂಡಿತರು ಇನ್ನೂ ಜಗಳ ಆಡ್ತಾರೆ).

ಆದ್ರೆ ನನಗೆ ಕಾಣೋ ಹಾಗೆ ಮಿಲನಕ್ಕಿಂತ ವಿರಹನೇ ದೊಡ್ಡದು. ಪರ್ಶಿಯನ್ ಸೂಫಿ ಕವಿ ರೂಮಿಯ (1207–1273) ಮಸ್ನವಿ ಅನ್ನೋ ದೊಡ್ಡ ಕಾವ್ಯ ಶುರುವಾಗೋದೇ ಕೊಳಲಿನ ಗೋಳಿಂದ, ಜೊಂಡಿನ ಮೆಳೆಯಿಂದ ಕತ್ತರಿಸಿ ತಂದಿರೋದಕ್ಕೆ ಅದು ಅಳ್ತಾ ಇರುತ್ತೆ.

ಕನ್ನಡದಲ್ಲೇ ರುಚಿ ನೋಡ್ಬೇಕಂದ್ರೆ ಶಿಶುನಾಳ ಷರೀಫರ (1819–1889) ತತ್ವಪದಗಳಿವೆ. ಮುಸ್ಲಿಂ ಮನೆತನದ ಅವರಿಗೆ ಗುರು ಬ್ರಾಹ್ಮಣರಾದ ಗೋವಿಂದ ಭಟ್ಟರು, ಹಂಗಾಗಿ ಅಲ್ಲಿ ಸೂಫಿ ಎಲ್ಲಿ ಮುಗೀತು ವಚನ ಎಲ್ಲಿ ಶುರುವಾಯ್ತು ಅಂತ ಗೆರೆ ಎಳೆಯೋಕೆ ಹೋಗ್ಬೇಡಿ, ಸುಮ್ನೆ ಕೇಳಿ.