ಹಳೆಯ ಬೆಂಡ್ ಪೈಪ್, ಹೊಸ ಕ್ಲಾಸಿಕ್

ಪ್ರಶ್ನೆ: ನನ್ನದು 2020ರ ಬಿಎಸ್-6 (ಹೊಗೆ ಮಾಲಿನ್ಯ ಮಾನದಂಡದ) ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಎಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬೆಂಡ್ ಪೈಪ್ ತುಕ್ಕು ಹಿಡಿದು ತೂತಾಗಿದೆ. ನಮ್ಮ ಭಾವನವರ 2018ರ ಕ್ಲಾಸಿಕ್‌ನಿಂದ ಬಿಚ್ಚಿಟ್ಟ ಬೆಂಡ್ ಪೈಪ್, ಸೈಲೆನ್ಸರ್ ಎರಡೂ ಚೆನ್ನಾಗಿವೆ. ಎಂಜಿನ್ ಒಂದೇ ಆದ್ದರಿಂದ ಹಾಕಿಕೊಳ್ಳಬಹುದೆಂದು ಇಲ್ಲಿನ ಮೆಕ್ಯಾನಿಕ್ ಹೇಳುತ್ತಾರೆ. ಇದು ಸರಿಯೇ?
– ಓದುಗರೊಬ್ಬರು, ಶಿರಾ, ತುಮಕೂರು ಜಿಲ್ಲೆ

ಉತ್ತರ: ಸೈಲೆನ್ಸರ್ ವಿಚಾರವನ್ನು ಪರಿಶೀಲಿಸಬಹುದು, ಬೆಂಡ್ ಪೈಪನ್ನು ಮಾತ್ರ ದಯವಿಟ್ಟು ಹಾಕಿಸಬೇಡಿ. ಎರಡೂ ಗಾಡಿಗಳಲ್ಲಿರುವುದು 346 ಸಿಸಿ ಎಂಜಿನ್ನೇ ಎಂಬುದು ನಿಜ. ಆದರೆ 2018ರದ್ದಕ್ಕೆ ಪೆಟ್ರೋಲ್ ಕೊಡುವುದು ಕಾರ್ಬುರೇಟರ್. ನಿಮ್ಮದಕ್ಕೆ ಫ್ಯುಯೆಲ್ ಇಂಜೆಕ್ಷನ್. ಹೊಗೆಯಲ್ಲಿ ಉಳಿದಿರುವ ಆಮ್ಲಜನಕವನ್ನು ಅಳೆಯುವ ಸೆನ್ಸರ್ ನಿಮ್ಮ ಬೆಂಡ್ ಪೈಪಿನಲ್ಲಿದ್ದು, ಅದು ಕಳುಹಿಸುವ ಸಂಕೇತವನ್ನು ನೋಡಿಕೊಂಡೇ ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್, ಪೆಟ್ರೋಲಿನ ಪ್ರಮಾಣವನ್ನು ಕ್ಷಣಕ್ಷಣವೂ ತಿದ್ದುತ್ತಿರುತ್ತದೆ. ಹಳೆಯ ಪೈಪಿನಲ್ಲಿ ಆ ಸೆನ್ಸರಿಗೆ ಜಾಗವೇ ಇಲ್ಲ. ಸೆನ್ಸರನ್ನು ಹೊರಗೆ ಕಟ್ಟಿ ಬಿಟ್ಟರೆ ಅದು ಬರಿಯ ಗಾಳಿಯನ್ನು ಅಳೆದು ಪೆಟ್ರೋಲ್ ಸಾಲದೆಂದು ತಿಳಿಸುತ್ತದೆ; ಇಸಿಯು ಇನ್ನಷ್ಟು ಸುರಿಯುತ್ತದೆ, ಪ್ಲಗ್ ಮಸಿ ಹಿಡಿಯುತ್ತದೆ, ಮೈಲೇಜ್ ಇಳಿಯುತ್ತದೆ, ಮೀಟರಿನಲ್ಲಿ ಎಂಜಿನ್ ದೀಪ ಹತ್ತಿಕೊಳ್ಳುತ್ತದೆ.

ಹಳೆಯ ಪೈಪಿಗೆ ನಟ್ ವೆಲ್ಡ್ ಮಾಡಿಸಿ ಸೆನ್ಸರ್ ಕೂರಿಸಿದರಾಯಿತು ಎನ್ನುವವರೂ ಸಿಗುತ್ತಾರೆ. ಆದರೆ ನಿಮ್ಮ ಬೆಂಡ್ ಪೈಪಿನೊಳಗೇ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಇದೆ. ಪ್ಲಾಟಿನಂ, ಪೆಲೇಡಿಯಂ, ರೋಡಿಯಂಗಳ ತೆಳುಲೇಪನವಿರುವ ಆ ಜೇನುಗೂಡಿನಂಥ ಭಾಗವೇ ಇಂಗಾಲದ ಮಾನಾಕ್ಸೈಡನ್ನೂ ಉರಿಯದ ಪೆಟ್ರೋಲ್ ಆವಿಯನ್ನೂ ಬಹುಮಟ್ಟಿಗೆ ನಿರಪಾಯಗೊಳಿಸುವುದು. ಅದನ್ನು ತೆಗೆಯುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧವಾದ ಮಾರ್ಪಾಡು. ಮಾಲಿನ್ಯ ಮತ್ತು ಶಬ್ದದ ಮಿತಿ ಮೀರಿದರೆ 190(2)ನೇ ಕಲಮಿನಡಿ ಮೊದಲ ಬಾರಿಗೇ 10,000 ರೂಪಾಯಿವರೆಗೆ ದಂಡ ಬೀಳಬಹುದು. ದಂಡಕ್ಕಿಂತ, ಸಂತೆಯ ಜನಸಂದಣಿಯಲ್ಲಿ ನಿಮ್ಮ ಹಿಂದೆ ನಿಂತವರು ಆ ಹೊಗೆಯನ್ನು ಕುಡಿಯಬೇಕಾಗುತ್ತದೆಂಬುದೇ ನನಗೆ ದೊಡ್ಡ ಕಾರಣವಾಗಿ ಕಾಣುತ್ತದೆ.

ಹಾಗಾದರೆ ಏನು ಮಾಡಬೇಕು? ತೂತು ಕನ್ವರ್ಟರಿನಿಂದ ಹಿಂದಕ್ಕೆ, ಪೈಪನ್ನು ಸೈಲೆನ್ಸರಿಗೆ ಬಿಗಿಯುವ ಕ್ಲಾಂಪಿನ ಹತ್ತಿರ ಬಿದ್ದಿದ್ದರೆ, ಪೈಪನ್ನು ಗಾಡಿಯಿಂದ ಬಿಚ್ಚಿಸಿ ನುರಿತವರಿಂದ ವೆಲ್ಡ್ ಮಾಡಿಸಬಹುದು. ಸೆನ್ಸರಿನ ಆಸುಪಾಸಿನಲ್ಲಿದ್ದರೆ ಹೊಸ ಬಿಎಸ್-6 ಪೈಪನ್ನೇ ಕೊಳ್ಳಿ. ಅಲ್ಲಿಂದ ಒಳನುಗ್ಗುವ ಹೊರಗಾಳಿಯೂ ಸೆನ್ಸರಿನ ಅಳತೆಯನ್ನು ಕೆಡಿಸುತ್ತದೆ. ಬಿಚ್ಚುವ ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಸ್ಪ್ಯಾನರ್ ಹಾಕಬೇಕು, ಏಕೆಂದರೆ ಎಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಹೆಡ್ಡಿನೊಳಗೆ, ಪೈಪನ್ನು ಹಿಡಿದಿಡುವ ಸ್ಟಡ್ (ತಲೆಯಿಲ್ಲದ ಬೋಲ್ಟು) ಮುರಿದರೆ ಲೇತ್ ಅಂಗಡಿಗೆ ಹೆಡ್ ಹೊತ್ತೊಯ್ಯಬೇಕಾಗುತ್ತದೆ. ಪೈಪು, ಹೆಡ್ಡಿನ ನಡುವೆ ಹೊಗೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಹೊಸದೇ ಇರಲಿ. ಎಲ್ಲ ನಟ್ಟುಗಳನ್ನು ಸಡಿಲವಾಗಿ ಕೂರಿಸಿ, ಪೈಪು ಎಳೆದಾಡದೆ ಸರಿಯಾಗಿ ಕುಳಿತದ್ದನ್ನು ನೋಡಿಕೊಂಡು, ಮೊದಲು ಹೆಡ್ಡಿನ ಕಡೆ, ಬಳಿಕ ಕ್ಲಾಂಪ್, ಕೊನೆಗೆ ಸೈಲೆನ್ಸರಿನ ಬ್ರಾಕೆಟ್ ಬಿಗಿಸಲಿ.

ಭಾವನವರ ಸೈಲೆನ್ಸರ್ ಕಂಪನಿಯದ್ದೇ ಆಗಿದ್ದು, ಶಬ್ದ ತಗ್ಗಿಸುವ ಒಳಗಿನ ತಡೆಗಳನ್ನು ಯಾರೂ ಕತ್ತರಿಸಿರದೆ, ಕ್ಲಾಂಪಿನ ಬಾಯಿಯ ಅಳತೆಯೂ ಬ್ರಾಕೆಟ್ಟೂ ಹೊಂದಿದರೆ ಅದನ್ನು ಎತ್ತಿಡಿ. ನಿಮ್ಮ ಸೈಲೆನ್ಸರ್ ಸರಿಯಿರುವ ತನಕ ಬದಲಿಸುವ ಅಗತ್ಯವಿಲ್ಲ.

ಪ್ರಶ್ನೆ: ನನ್ನ 2016ರ ಕ್ಲಾಸಿಕ್ 350ಕ್ಕೆ 2022ರ ಕ್ಲಾಸಿಕ್‌ನ ಸೈಲೆನ್ಸರ್ ಹಾಕಬಹುದೇ?
– ಓದುಗರೊಬ್ಬರು, ಮುಳಬಾಗಿಲು, ಕೋಲಾರ ಜಿಲ್ಲೆ

ಉತ್ತರ: ಬೇಡ. 2021ರ ಸೆಪ್ಟೆಂಬರಿನಲ್ಲಿ ಬಂದ ಕ್ಲಾಸಿಕ್‌ಗೆ ಹೆಸರು ಮಾತ್ರ ಹಳೆಯದು. ಎಂಜಿನ್ 349 ಸಿಸಿಯ ಬೇರೆಯೇ ವಿನ್ಯಾಸದ್ದು, ಚೌಕಟ್ಟೂ ಹೊಸದು. ಬ್ರಾಕೆಟ್ ಕತ್ತರಿಸಿ, ಪಟ್ಟಿ ಬೆಸೆದು ಕೂರಿಸಿದರೆ ನಡುಕಕ್ಕೆ ಬೆಸುಗೆ ಬಿರಿಯುವ ಸಾಧ್ಯತೆಯೇ ಹೆಚ್ಚು. ನಿಮ್ಮ ಗಾಡಿಯ ವರ್ಷ ಮತ್ತು ಚಾಸಿ ನಂಬರ್ ತೋರಿಸಿ, ಅದಕ್ಕೆಂದೇ ಇರುವ ಸೈಲೆನ್ಸರನ್ನು ಕೇಳಿ ಪಡೆಯಿರಿ.