ಯಾರ ಪಾಲು ಬಿಟ್ಟುಕೊಡ್ತಿದ್ದೀರಿ?

ಪ್ರಶ್ನೆ: ಸರ್, ನಾನು ನಮ್ಮ ಕಾರ್ಖಾನೆಯ ಯೂನಿಯನ್ ಸಮಿತಿಯಲ್ಲಿದ್ದೇನೆ. ಮುಷ್ಕರ ಶುರುವಾಗಿ 19 ದಿನ ಆಯ್ತು. ಕಾಯಂ ನೌಕರರು ಕೇಳಿದ್ದರಲ್ಲಿ ಮುಕ್ಕಾಲು ಪಾಲು ಕೊಡ್ತೀವಿ ಎಂದು ಆಡಳಿತದವರು ಹೇಳುತ್ತಿದ್ದಾರೆ. ಆದರೆ ಗುತ್ತಿಗೆಯವರ ಮಾತು ಎತ್ತಬಾರದಂತೆ, ಸಸ್ಪೆಂಡ್ ಆದ 6 ಜನರ ವಿಷಯ ಆಮೇಲೆ ನೋಡೋಣವಂತೆ. ಸದ್ಯಕ್ಕೆ ಇದನ್ನು ಹೊರಗೆ ಹೇಳಬೇಡಿ ಅಂತಲೂ ಹೇಳಿದ್ದಾರೆ. ಮನೆಗಳಲ್ಲಿ ದುಡ್ಡು ಮುಗಿದಿದೆ. ಒಪ್ಪಿಕೊಂಡರೆ ದ್ರೋಹ ಆಗುತ್ತಾ?
– ಹೆಸರು ಬೇಡ

ಉತ್ತರ: ರಾಜಿ ಮಾಡಿಕೊಂಡ ಮಾತ್ರಕ್ಕೆ ದ್ರೋಹ ಆಗೋದಿಲ್ಲ. 22 ವರ್ಷ ಯೂನಿಯನ್ ಕೆಲಸ ಮಾಡಿದ್ದೇನೆ, ಕೇಳಿದ್ದೆಲ್ಲ ಸಿಕ್ಕ ಮುಷ್ಕರ ಒಂದನ್ನೂ ನೋಡಿಲ್ಲ. ನಿಮ್ಮ ಪಾಲಿನ ಕಾಲು ಭಾಗ ಬಿಡ್ತೀರಾ, ಬಿಡಿ. ಅದು ನಿಮ್ಮದು. ಗುತ್ತಿಗೆಯವರದ್ದು ನಿಮ್ಮದಲ್ಲ. ನಿಮ್ಮ ಜೊತೆ 19 ದಿನ ಸಂಬಳವಿಲ್ಲದೆ ಅವರೂ ಹೊರಗೆ ನಿಂತಿದ್ದಾರೆ, ಅಲ್ವಾ?

ನಾನೂ ಒಮ್ಮೆ ರಾತ್ರಿ 2 ಗಂಟೆಗೆ ಇಂಥದ್ದೇ ಒಪ್ಪಂದಕ್ಕೆ ಸಹಿ ಹಾಕಿದ್ದೆ. ಟೈಪ್ ಮಾಡಿದ 4 ಪುಟ. ಮೂರನೇ ಪುಟದಲ್ಲಿ ‘ಅಮಾನತಾದವರ ವಿಷಯವನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗುವುದು’ ಎಂಬ ಸಾಲು. ನಿದ್ದೆಗಣ್ಣಿಗೆ ಅದು ಒಳ್ಳೆ ಮಾತಾಗಿಯೇ ಕಂಡಿತು. ಬೆಳಿಗ್ಗೆ ಗೇಟ್ ಮೀಟಿಂಗಲ್ಲಿ ಓದಿ ಹೇಳಿದೆ. ಚಪ್ಪಾಳೆಯೋ ಚಪ್ಪಾಳೆ. ಹಿಂದೆ ನಿಂತಿದ್ದ ಇಬ್ಬರು ಮಾತ್ರ ತಟ್ಟಲಿಲ್ಲ. ಸೈರನ್ ಆಯ್ತು, ಎಲ್ಲರೂ ಒಳಗೆ ಹೋದರು. ಆ ಇಬ್ಬರು ಸೈಕಲ್ ಸ್ಟ್ಯಾಂಡ್ ಹತ್ತಿರವೇ ಉಳಿದರು. ಅವರ ‘ಪರಿಶೀಲನೆ’ ಕೊನೆಗೂ ಮುಗಿಯಲೇ ಇಲ್ಲ.

ಹಾಗಾಗಿ ‘ಆಮೇಲೆ’ ಎನ್ನುವ ಮಾತಿಗೆ ನನಗೆ ಭಯ ಜಾಸ್ತಿ. ಆಮೇಲೆ ಎಂದರೆ ಯಾವತ್ತು, ತೀರ್ಮಾನ ಮಾಡೋರು ಯಾರು?

1918ರ ಅಹಮದಾಬಾದ್ ಗಿರಣಿ ಮುಷ್ಕರ ನೋಡಿ. ಪ್ಲೇಗ್ ಕಾಲದಲ್ಲಿ ಕಾರ್ಮಿಕರು ಊರು ಬಿಟ್ಟು ಹೋಗದಿರಲಿ ಅಂತ ಕೊಡುತ್ತಿದ್ದ ‘ಪ್ಲೇಗ್ ಬೋನಸ್’ ನಿಂತುಹೋಗಿತ್ತು. ಅದರ ಬದಲು ಕಾರ್ಮಿಕರು ಸಂಬಳದಲ್ಲಿ 50 ಶೇಕಡ ಹೆಚ್ಚಳ ಕೇಳಿದರು, ಮಾಲೀಕರು 20 ಎಂದರು. ಗಾಂಧೀಜಿ ಲೆಕ್ಕ ನೋಡಿ, 35 ನ್ಯಾಯ ಎಂದು ಕಾರ್ಮಿಕರನ್ನೇ ಒಪ್ಪಿಸಿದರು. (ಚೌಕಾಸಿಗೆ ಇರಲಿ ಅಂತ ಸುಮ್ನೆ ದುಪ್ಪಟ್ಟು ಕೇಳೋ ನಮ್ಮ ಚಾಳಿ ನೆನಪಾಗುತ್ತೆ.) ಕೊನೆಗೆ ಆದ ರಾಜಿ ವಿಚಿತ್ರವಾಗಿತ್ತು: ಮೊದಲ ದಿನ 35, ಎರಡನೇ ದಿನ 20, ಮೂರನೇ ದಿನದಿಂದ ಪಂಚರ ತೀರ್ಪು ಬರುವವರೆಗೆ 27.5. ಇಬ್ಬರ ಹಟಕ್ಕೂ ಒಂದೊಂದು ದಿನ! ಬಾಕಿ ಉಳಿದದ್ದನ್ನು ಎರಡೂ ಕಡೆಯವರು ಪಂಚರೆಂದು ಒಪ್ಪಿದ ವಿದ್ವಾಂಸ ಆನಂದಶಂಕರ ಧ್ರುವ ಅವರಿಗೆ ಬಿಟ್ಟರು. ಅವರು 35 ಎಂದೇ ತೀರ್ಪು ಕೊಟ್ಟರು. ಆ ಮುಷ್ಕರದಲ್ಲಿ ತಾವು ಮಾಡಿದ ಉಪವಾಸ ಮಾಲೀಕರ ಮೇಲೆ ಒತ್ತಡ ಹಾಕಿತು, ಅದರಲ್ಲಿ ದೋಷವಿತ್ತು ಎಂದು ಗಾಂಧೀಜಿಯೇ ಬರೆದುಕೊಂಡಿದ್ದಾರೆ. ಗೆದ್ದ ಮೇಲೂ ಹಾಗೆ ಬರೆಯೋರು ಅಪರೂಪ.

ನಿಮ್ಮ 6 ಜನರ ಪ್ರಶ್ನೆಗೂ ಅಂಥದ್ದೊಂದು ದಾರಿ ಕೇಳಿ. ಯಾರು ವಿಚಾರಣೆ ಮಾಡುತ್ತಾರೆ, ಯಾವ ತಾರೀಕಿನೊಳಗೆ, ಅಲ್ಲಿಯವರೆಗೆ ಅವರ ಸಂಬಳದ ಗತಿ ಏನು – ಎಲ್ಲ ಬರವಣಿಗೆಯಲ್ಲಿರಲಿ. ಹೊಡೆದಾಟದ ಆರೋಪ ಇದ್ದರೆ ತನಿಖೆ ಆಗಲಿ, ಅಡ್ಡಿಯಿಲ್ಲ. ಬರೀ ಯೂನಿಯನ್ನಿನಲ್ಲಿದ್ದರು ಅಂತ ಸಸ್ಪೆಂಡ್ ಮಾಡಿದ್ದರೆ ಸಹಾನುಭೂತಿಯ ಮಾತೇ ಬರಬಾರದು. ಅಂಥ ಶಿಕ್ಷೆ ಆಗಬಾರದು ಅಂತಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1949ರ 98ನೇ ಒಡಂಬಡಿಕೆ ಇದೆ.

ಇನ್ನು ಗುಟ್ಟಿನ ಮಾತು. ಎಷ್ಟಕ್ಕೆ ಇಳಿಯುತ್ತೀರಿ ಎಂಬುದನ್ನು ಆಡಳಿತದಿಂದ ಮುಚ್ಚಿಡಿ, ಅದು ಮಾತುಕತೆಯ ರೀತಿ. ಅವರು ಏನು ಕೊಡ್ತೀವಿ ಎಂದರು ಎಂಬುದನ್ನು ನಿಮ್ಮವರಿಂದ ಮುಚ್ಚಿಟ್ಟರೆ ಮಾತ್ರ ತಪ್ಪು. ನಾಳೆಯೇ ಸಭೆ ಕರೆಯಿರಿ. ಗುತ್ತಿಗೆಯವರೂ ಬರಲಿ, ಮತ ಹಾಕಲಿ. ‘ನಮಗೆ ಅರ್ಧ ಸಾಕು, ಅವರನ್ನೂ ಸೇರಿಸಿ’ ಎಂದು ತಿರುಗಿ ಕೇಳೋಣವಾ ಅಂತ ಕಾಯಂ ನೌಕರರನ್ನು ಎಲ್ಲರೆದುರೇ ಕೇಳಿ. ಆ ಹೊತ್ತಿನ ಮೌನ ಕಷ್ಟ, ಗೊತ್ತು. ‘ಸದ್ಯಕ್ಕೆ ಒಳಗೆ ಹೋಗೋಣ, ನಮ್ಮದು ಆಮೇಲೆ’ ಎಂದು ಗುತ್ತಿಗೆಯವರೇ ಹೇಳಿದರೆ ಆಗ ಸಹಿ ಹಾಕಬಹುದು.

ಮತ್ತೆ, ರಾತ್ರಿ 2 ಗಂಟೆಗೆ ಹಾಕಬೇಡಿ. ಬೆಳಿಗ್ಗೆ ಬರ್ತೀವಿ ಅಂತ ಹೇಳಿ, ಆ ಪುಟಗಳನ್ನು ಕೈಯಲ್ಲಿ ಹಿಡಿದುಕೊಂಡು ಎದ್ದು ಬನ್ನಿ.